ಎಂಟನೆಯ ಲೈನ್‌ಮನ್

ಆಗಸ್ಟ್ ಕೊನೆಯ ವಾರದ ಒಂದು ಮಂಗಳವಾರ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ನಾಲ್ಕು ಗಂಟೆ, ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ. ಅಷ್ಟು ಹೊತ್ತಿಗೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ 32 ತಂಡಗಳೂ ತಮ್ಮ ಆಟಗಾರರ ಪಟ್ಟಿಯನ್ನು 90ರಿಂದ 53ಕ್ಕೆ ಇಳಿಸಿ ಮುಗಿಸಿರಬೇಕು. ಒಂದೊಂದು ತಂಡದಿಂದ 37 ಮಂದಿ ಎಂದರೆ ಒಟ್ಟು ಸುಮಾರು 1,200 ಮಂದಿ ಕೆಲವೇ ದಿನಗಳಲ್ಲಿ ಕೆಲಸ ಕಳೆದುಕೊಳ್ಳುತ್ತಾರೆ. ಮೊದಲು ಈ ಕಡಿತ ಎರಡು ಮೂರು ಕಂತುಗಳಲ್ಲಿ ನಡೆಯುತ್ತಿತ್ತು. 2023ರಿಂದ ಒಂದೇ ಏಟಿಗೆ ಮುಗಿಯುತ್ತಿದೆ.

ಈ ಸುದ್ದಿ ಮುಟ್ಟಿಸಲು ಬರುವ ಸಿಬ್ಬಂದಿಗೆ ಆಟಗಾರರು ಬಹಳ ಹಿಂದೆಯೇ ಒಂದು ಅಡ್ಡಹೆಸರು ಇಟ್ಟಿದ್ದಾರೆ, ‘ಟರ್ಕ್’ ಎಂದು. ಅವನು ಹೇಳುವ ಮಾತೂ ಬಹುತೇಕ ಒಂದೇ: ಕೋಚ್ ನಿನ್ನನ್ನು ನೋಡಬೇಕಂತೆ, ಪ್ಲೇಬುಕ್ ತೆಗೆದುಕೊಂಡು ಬಾ. ತಂಡದ ಆಟದ ತಂತ್ರಗಳನ್ನೆಲ್ಲ ಬರೆದಿಟ್ಟ ಆ ಪ್ಲೇಬುಕ್ ಹಿಂದೆ ದಪ್ಪನೆಯ ಫೈಲಾಗಿತ್ತು, ಈಗ ಟ್ಯಾಬ್ಲೆಟ್ ಆಗಿದೆ. ಅದನ್ನು ಮರಳಿ ಒಪ್ಪಿಸಿದ ಮೇಲೆ ತಂಡದ ಜೊತೆ ಲೆಕ್ಕ ಚುಕ್ತಾ.

ಕೈಬಿಟ್ಟವರ ಪಟ್ಟಿ ಹೊರಬಿದ್ದಾಗ ಪತ್ರಿಕೆಗಳು ಹುಡುಕುವುದು ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳನ್ನು, ಕಾಲೇಜಿನಲ್ಲಿ ಮಿಂಚಿ ಬಂದ ಓಟಗಾರರನ್ನು. ನಾನು ಮೊದಲು ಹುಡುಕುವುದು ಆಫೆನ್ಸಿವ್ ಲೈನ್‌ಮನ್‌ಗಳನ್ನು, ಅಂದರೆ ಚೆಂಡು ಹಿಡಿದು ಓಡದೆಯೇ ಇಡೀ ವೃತ್ತಿಜೀವನ ಕಳೆಯುವ ದೈತ್ಯದೇಹಿಗಳನ್ನು. ಈ ಲೀಗಿನಲ್ಲಿ ಕಲಿಯಲು ಅತಿ ಹೆಚ್ಚು ಕಾಲ ಹಿಡಿಯುವ ಕಸುಬು ಅವರದು. ಆ ಕಲಿಕೆಗೆ ಸಿಗುವ ಕಾಲ ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ಆಟದ ಪರಿಚಯವಿಲ್ಲದವರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಚೆಂಡನ್ನು ಎಸೆಯುವವನು ಅಥವಾ ಓಟಗಾರನ ಕೈಗೆ ಕೊಡುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯಂತೆ ಐವರು ನಿಲ್ಲುತ್ತಾರೆ: ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಎರಡೂ ತುದಿಗಳಲ್ಲಿ ಇಬ್ಬರು ಟ್ಯಾಕಲ್‌ಗಳು. ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವದಂತೆ ತಡೆಯುವುದು, ಓಟಗಾರನಿಗೆ ದಾರಿ ಬಿಡಿಸುವುದು ಇವರ ಕೆಲಸ. ಕಬಡ್ಡಿಯಲ್ಲಿ ರೈಡರ್‌ನ ಹೆಸರು ಮನೆಮಾತಾಗುತ್ತದೆ, ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನನ್ನು ಬಲ್ಲವರಷ್ಟೇ ಬಲ್ಲರು. ಆದರೂ ಅವನಿಗೆ ಟ್ಯಾಕಲ್ ಪಾಯಿಂಟುಗಳಾದರೂ ಇವೆ. ಲೈನ್‌ಮನ್‌ಗೆ ಅದೂ ಇಲ್ಲ. ಲೀಗಿನ ಅಧಿಕೃತ ಅಂಕಿಅಂಶಗಳಲ್ಲಿ ಅವನ ಹೆಸರಿನ ಮುಂದೆ ಆಡಿದ ಪಂದ್ಯಗಳ ಸಂಖ್ಯೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮೈಕಿನಲ್ಲಿ ಅವನ ಜೆರ್ಸಿ ಸಂಖ್ಯೆ ಕೇಳಿಬರುವುದು ತಪ್ಪು ಮಾಡಿದಾಗ ಮಾತ್ರ. ಎದುರಾಳಿಯನ್ನು ಹಿಡಿದೆಳೆದರೆ ಹತ್ತು ಗಜ ದಂಡ, ಚೆಂಡು ಚಲಿಸುವ ಮೊದಲೇ ಕದಲಿದರೆ ಐದು ಗಜ. ಎಪ್ಪತ್ತು ಸಾವಿರ ಜನರ ಮುಂದೆ ರೆಫರಿ ಅವನ ಸಂಖ್ಯೆಯನ್ನು ಘೋಷಿಸುತ್ತಾನೆ.

ಈಗ ಕುರ್ಚಿಗಳ ಲೆಕ್ಕ. 53 ಮಂದಿಯ ಪಟ್ಟಿಯಲ್ಲಿ ತಂಡಗಳು ಸಾಮಾನ್ಯವಾಗಿ ಒಂಬತ್ತು ಲೈನ್‌ಮನ್‌ಗಳನ್ನು ಇಟ್ಟುಕೊಳ್ಳುತ್ತವೆ. ಐದು ಸ್ಥಾನಗಳು ಬಹುತೇಕ ಮೊದಲೇ ಭರ್ತಿ. ಆರನೆಯದು ಅನುಭವಿ ಮೀಸಲು ಆಟಗಾರನಿಗೆ, ಏಳನೆಯದು ಇತ್ತೀಚಿನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಹಂಚಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಆರಿಸಿಕೊಂಡ ಹುಡುಗನಿಗೆ. ಬೇಸಿಗೆ ಶಿಬಿರಕ್ಕೆ ಬಂದಿರುವ ಹದಿನೈದು ಮಂದಿಯಲ್ಲಿ ಉಳಿದವರೆಲ್ಲ ಬಡಿದಾಡುವುದು ಎಂಟು ಮತ್ತು ಒಂಬತ್ತನೆಯ ಕುರ್ಚಿಗಾಗಿ.

ಈ ಎಂಟನೆಯ ಕುರ್ಚಿಗೆ ಬೆಲೆ ತಂದುಕೊಟ್ಟದ್ದು ಒಪ್ಪಂದಪತ್ರದ ಒಂದು ಸಾಲು. ಪಟ್ಟಿಯಲ್ಲಿ 53 ಮಂದಿ ಇದ್ದರೂ ಪಂದ್ಯದ ದಿನ ಎಲ್ಲರೂ ಸಮವಸ್ತ್ರ ತೊಡುವಂತಿಲ್ಲ. ಮೊದಲು 46 ಮಂದಿಗಷ್ಟೇ ಅವಕಾಶವಿತ್ತು. 2020ರಲ್ಲಿ ಮಾಲೀಕರು ಮತ್ತು ಆಟಗಾರರ ಸಂಘ ಮಾಡಿಕೊಂಡ ಹೊಸ ಒಪ್ಪಂದ ಅದನ್ನು 48ಕ್ಕೆ ಏರಿಸಿತು, ಒಂದು ಷರತ್ತಿನ ಮೇಲೆ. ಆ 48ರಲ್ಲಿ ಕನಿಷ್ಠ ಎಂಟು ಮಂದಿ ಆಫೆನ್ಸಿವ್ ಲೈನ್‌ಮನ್‌ಗಳಿರಬೇಕು. ಇಲ್ಲದಿದ್ದರೆ 47 ಮಾತ್ರ. ಅಲ್ಲಿಯವರೆಗೆ ಭಾನುವಾರಗಳಂದು ಸಾದಾ ಉಡುಪಿನಲ್ಲಿ ಮೈದಾನದ ಅಂಚಿಗೆ ನಿಲ್ಲುತ್ತಿದ್ದ ಎಂಟನೆಯವನಿಗೆ ಅಂದಿನಿಂದ ಹೆಲ್ಮೆಟ್ ಸಿಕ್ಕಿತು. ಕಾನೂನಿನ ಭಾಷೆ ಎಷ್ಟೇ ಒಣಗಿರಲಿ, ಒಂದು ಷರತ್ತು ಮೂವತ್ತೆರಡು ಮನೆಗಳ ಅಡುಗೆಮನೆಯನ್ನು ಬದಲಿಸಬಲ್ಲದು.

ಹಣದ ವ್ಯತ್ಯಾಸವನ್ನೂ ನೋಡಿ. 2025ರಲ್ಲಿ ಪಟ್ಟಿಯೊಳಗಿರುವ ಹೊಸ ಆಟಗಾರನ ಕನಿಷ್ಠ ವೇತನ 8.4 ಲಕ್ಷ ಡಾಲರ್. ಪಟ್ಟಿಯಿಂದ ಹೊರಬಿದ್ದು, ಮುಖ್ಯವಾಗಿ ಅಭ್ಯಾಸಕ್ಕೆಂದೇ ಇಟ್ಟುಕೊಳ್ಳುವ 16 ಮಂದಿಯ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸೇರಿದರೆ ವಾರಕ್ಕೆ 13,000 ಡಾಲರ್, 18 ವಾರ ಪೂರ್ತಿ ಉಳಿದರೆ 2.34 ಲಕ್ಷ. ಅದೇ ಶಿಬಿರ, ಅದೇ ಅಭ್ಯಾಸ, ಅದೇ ಪೆಟ್ಟು. ಸಂಬಳ ಮಾತ್ರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅದೂ ವಾರದ ಲೆಕ್ಕದ ಕೆಲಸ, ಯಾವ ಮಂಗಳವಾರ ಬೇಕಾದರೂ ಮುಗಿಯಬಹುದು. ಇನ್ನೊಂದು ತುದಿಯಲ್ಲಿ, ಅದೇ ವರ್ಷದ ಜುಲೈನಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡ ತನ್ನ ಎಡ ಟ್ಯಾಕಲ್ ರಶಾನ್ ಸ್ಲೇಟರ್ ಜೊತೆ ನಾಲ್ಕು ವರ್ಷಕ್ಕೆ 11.4 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಸಹಿ ಹಾಕಿ ಎರಡು ವಾರ ಕಳೆಯುವುದರೊಳಗೆ ಅಭ್ಯಾಸದ ವೇಳೆ ಅವರ ಮಂಡಿಚಿಪ್ಪಿನ ಸ್ನಾಯುರಜ್ಜು ಹರಿದು, ಇಡೀ ಋತು ಕೈತಪ್ಪಿತು. ಅಂಥ ದಿನ ಕೆಳಗಿನ ಸಾಲಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತಾರೆ. ಗೆಳೆಯನ ಮಂಡಿ ಮುರಿದ ದಿನವೇ ತನಗೆ ಕೆಲಸ ಗಟ್ಟಿಯಾಗುವುದು, ಮನೆಗೆ ಫೋನ್ ಮಾಡಿ ಸಂತೋಷ ಹಂಚಿಕೊಳ್ಳಲೂ ಆಗದೆ ಬಚ್ಚಿಡಲೂ ಆಗದೆ ಒದ್ದಾಡುವುದು ಈ ಕಸುಬಿನ ಕೆಳಸ್ತರದವರಿಗೆ ಹೊಸದಲ್ಲ.

ಇಷ್ಟಕ್ಕೂ ಕಲಿಯುವುದು ಏನನ್ನು? ಮೈಭಾರದಿಂದ ತಳ್ಳುವುದಷ್ಟೇ ತಾನೆ ಎಂದು ನಾನೂ ಅಂದುಕೊಂಡಿದ್ದೆ. ಚೆಂಡಿನ ಹಿಂದೆ ಓಡುವ ಕಣ್ಣನ್ನು ಬಲವಂತವಾಗಿ ಎಡ ಟ್ಯಾಕಲ್‌ನ ಮೇಲೆ ನಿಲ್ಲಿಸಿ ಒಂದು ಪಂದ್ಯ ನೋಡಿದ ಮೇಲೆ ಆ ಭಾವನೆ ಹೋಯಿತು.

ಎದುರಾಳಿಯ ನೆಲದಲ್ಲಿ ಪಂದ್ಯ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಕಾನ್ಸಾಸ್ ಸಿಟಿಯ ಆರೋಹೆಡ್ ಕ್ರೀಡಾಂಗಣದಲ್ಲಿ 2014ರಲ್ಲಿ ಪ್ರೇಕ್ಷಕರ ಗದ್ದಲ 142.2 ಡೆಸಿಬೆಲ್ ತಲುಪಿ ದಾಖಲೆಯಾಗಿತ್ತು. ಅಂಥ ಕಡೆ ಕ್ವಾರ್ಟರ್‌ಬ್ಯಾಕ್ ಎಷ್ಟು ಕೂಗಿದರೂ ನಾಲ್ಕಡಿ ದೂರದವನಿಗೆ ಕೇಳಿಸದು. ಹಾಗಾಗಿ ಗಾರ್ಡ್ ಬಗ್ಗಿದ ಭಂಗಿಯಲ್ಲೇ ಕಾಲುಗಳ ನಡುವಿನಿಂದಲೋ ಭುಜದ ಮೇಲಿಂದಲೋ ಹಿಂದೆ ನೋಡುತ್ತಿರುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಾಲೆತ್ತಿ ಸನ್ನೆ ಮಾಡಿದ ಕೂಡಲೇ ಸೆಂಟರ್‌ನ ತೊಡೆಗೆ ತಟ್ಟುತ್ತಾನೆ. ಸೆಂಟರ್ ತಲೆ ಎತ್ತಿ, ಮನಸ್ಸಿನಲ್ಲೇ ಎಣಿಸಿ, ಚೆಂಡನ್ನು ಹಿಂದಕ್ಕೆ ಚಿಮ್ಮಿಸುತ್ತಾನೆ. ತುದಿಯಲ್ಲಿರುವ ಟ್ಯಾಕಲ್ ಒಂದು ಕಣ್ಣನ್ನು ಆ ಚೆಂಡಿನ ಮೇಲಿಟ್ಟು, ಇನ್ನೊಂದನ್ನು ತನ್ನ ಎದುರು ಹೊಂಚಿ ನಿಂತ 120 ಕಿಲೋ ತೂಕದ ಎದುರಾಳಿಯ ಮೇಲಿಡಬೇಕು. ಚೆಂಡು ಕದಲಿತೋ, ಇವನು ಹಿಮ್ಮುಖವಾಗಿ ಓರೆಯಾಗಿ ಜಾರುತ್ತ ಹೋಗಬೇಕು. ಸೊಂಟ ಕೆಳಗಿರಬೇಕು, ಭುಜ ತಿರುಗಬಾರದು, ಅಂಗೈಗಳು ಎದುರಾಳಿಯ ಎದೆಯ ಒಳಭಾಗಕ್ಕೆ ಬೀಳಬೇಕು. ಕೈ ಒಂದು ಗೇಣು ಹೊರಗೆ ಬಿದ್ದರೆ ದಂಡ. ಅರೆಕ್ಷಣ ತಡವಾದರೆ ಕ್ವಾರ್ಟರ್‌ಬ್ಯಾಕ್ ಹುಲ್ಲಿನ ಮೇಲೆ. ಇಷ್ಟೂ ನಡೆಯುವುದು ಎರಡೂವರೆ ಮೂರು ಸೆಕೆಂಡಿನಲ್ಲಿ. ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಸಲ.

ಮೊದಲ ಐವರಲ್ಲಿ ಒಬ್ಬನಾದವನು ತನ್ನ ಒಂದು ಜಾಗವನ್ನು ಕರಗತ ಮಾಡಿಕೊಂಡರೆ ಸಾಕು. ಎಂಟನೆಯವನಿಗೆ ಆ ಸುಖವಿಲ್ಲ. ಎಡಗಡೆಯವನು ಬಿದ್ದರೆ ಎಡಕ್ಕೆ, ಬಲಗಡೆಯವನು ಬಿದ್ದರೆ ಬಲಕ್ಕೆ ಹೋಗಬೇಕು, ಅಗತ್ಯ ಬಿದ್ದರೆ ಸೆಂಟರ್ ಕೂಡ ಆಗಬೇಕು. ಎಡದಿಂದ ಬಲಕ್ಕೆ ಹೋದಾಗ ನೆಲಕ್ಕೂರುವ ಕೈ ಬದಲಾಗುತ್ತದೆ, ಹಿಂದಿಡುವ ಕಾಲು ಬದಲಾಗುತ್ತದೆ, ಇಷ್ಟು ವರ್ಷ ಮೈ ಕಲಿತದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಎಡಗೈಯಲ್ಲಿ ಅನ್ನ ಕಲಸಿ ತುತ್ತು ಮಾಡಿದವರಿಗೆ ಇದರ ಕಷ್ಟ ಸ್ವಲ್ಪ ಅರ್ಥವಾದೀತು. ಅತಿ ಕಡಿಮೆ ಸಂಬಳದವನಿಗೆ ಅತಿ ಹೆಚ್ಚು ಪಾಠ, ಅಭ್ಯಾಸದಲ್ಲಿ ಅತಿ ಕಡಿಮೆ ಸರದಿ. ಮೊದಲ ಐವರು ಒಟ್ಟಿಗೆ ಹೊಂದಿಕೊಳ್ಳಬೇಕಾದ್ದರಿಂದ ಅಭ್ಯಾಸದ ಬಹುಪಾಲು ಅವರಿಗೇ ಮೀಸಲು. ಇವನು ಅಂಚಿನಲ್ಲಿ ನಿಂತು ನೋಡುತ್ತ, ಮನಸ್ಸಿನಲ್ಲೇ ಆಡಿಕೊಳ್ಳಬೇಕು.

ಕಾಲ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೋರ್ಡನ್ ಮೈಲಾಟಾಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಿಡ್ನಿಯ ಬ್ಯಾಂಕ್ಸ್‌ಟೌನ್‌ನಲ್ಲಿ ಹುಟ್ಟಿದ, ಸಮೋವಾ ಮೂಲದ ಹುಡುಗ. ಆಡುತ್ತಿದ್ದದ್ದು ರಗ್ಬಿ ಲೀಗ್, ಸೌತ್ ಸಿಡ್ನಿ ರ‍್ಯಾಬಿಟೋಸ್‌ನ ಕಿರಿಯರ ತಂಡದಲ್ಲಿ. ಎತ್ತರ ಆರು ಅಡಿ ಎಂಟು ಅಂಗುಲ, ತೂಕ 157 ಕಿಲೋ. ರಗ್ಬಿಯ ಎಡೆಬಿಡದ ಓಟಕ್ಕೆ ಆ ಮೈ ದೊಡ್ಡದಾಯಿತು. ಹೊರದೇಶದ ಪ್ರತಿಭೆಗಳಿಗಾಗಿ ಎನ್‌ಎಫ್‌ಎಲ್ ನಡೆಸುವ ತರಬೇತಿ ಯೋಜನೆಗೆ ಸೇರಿ ಫ್ಲೋರಿಡಾಕ್ಕೆ ಬಂದಾಗ, ಅಮೆರಿಕನ್ ಫುಟ್‌ಬಾಲ್‌ನ ಒಂದೇ ಒಂದು ಪಂದ್ಯವನ್ನೂ ಆತ ಆಡಿರಲಿಲ್ಲ. 2018ರ ಡ್ರಾಫ್ಟ್‌ನ ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ 233ನೆಯ ಆಯ್ಕೆಯಾಗಿ ಫಿಲಡೆಲ್ಫಿಯಾ ಈಗಲ್ಸ್ ಆತನನ್ನು ಕರೆದುಕೊಂಡಿತು.

ಅದೇ ಫೆಬ್ರುವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿದ್ದ ತಂಡ ಅದು. ಲೈನ್‌ನಲ್ಲಿ ಜಾಗ ಖಾಲಿ ಇರಲಿಲ್ಲ. ಹಾಗಿದ್ದೂ ಆಗಸ್ಟ್ ಕೊನೆಯಲ್ಲಿ 53ರ ಪಟ್ಟಿ ಹೊರಬಂದಾಗ ಅದರಲ್ಲಿ ಮೈಲಾಟಾ ಹೆಸರಿತ್ತು. ಏಕೆ? ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿಟ್ಟು ಕಲಿಸಬಹುದಿತ್ತಲ್ಲ? ಇಲ್ಲಿ ‘ವೇವರ್’ ಎಂಬ ನಿಯಮ ಅಡ್ಡ ಬರುತ್ತದೆ. ನಾಲ್ಕು ಋತು ಪೂರೈಸದ ಆಟಗಾರನನ್ನು ಕೈಬಿಟ್ಟರೆ ಅವನು ಕೂಡಲೇ ಸ್ವತಂತ್ರನಾಗುವುದಿಲ್ಲ. ಸುಮಾರು ಒಂದು ದಿನ ಬೇರೆ ತಂಡಗಳಿಗೆ ಅವನನ್ನು ಎತ್ತಿಕೊಳ್ಳಲು ಅವಕಾಶವಿರುತ್ತದೆ, ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಯಾರೂ ಕೈಯೆತ್ತದಿದ್ದರೆ ಮಾತ್ರ ಹಳೆಯ ತಂಡ ಅವನನ್ನು ಪ್ರಾಕ್ಟೀಸ್ ಸ್ಕ್ವಾಡ್‌ಗೆ ತಂದುಕೊಳ್ಳಬಹುದು. ಆ ಗಾತ್ರದ, ಆ ಚುರುಕಿನ ಹುಡುಗನನ್ನು ಕೆಳಗಿಳಿಸಿದ್ದರೆ ಮತ್ತೊಬ್ಬರು ಹಾರಿಸಿಕೊಂಡು ಹೋಗುವ ಭಯ ಇದ್ದೇ ಇತ್ತು. ಹಾಗಾಗಿ ಈಗಲ್ಸ್ ತನ್ನ 53 ಕುರ್ಚಿಗಳಲ್ಲಿ ಒಂದನ್ನು, ಆ ವರ್ಷ ಮೈದಾನಕ್ಕೆ ಇಳಿಸಲಾಗದ ವಿದ್ಯಾರ್ಥಿಯೊಬ್ಬನಿಗೆ ಬಿಟ್ಟುಕೊಟ್ಟಿತು.

2018ರಲ್ಲಿ ಆತ ಒಂದು ಪಂದ್ಯವನ್ನೂ ಆಡಲಿಲ್ಲ, 2019ರಲ್ಲೂ ಅಷ್ಟೇ. ಎರಡೂ ವರ್ಷ ಬೆನ್ನುನೋವಿನಿಂದ ಗಾಯಾಳುಗಳ ಪಟ್ಟಿ ಸೇರಿದ. ಅಷ್ಟರಲ್ಲಿ ತಂಡ 2019ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ, 22ನೆಯ ಆಯ್ಕೆಯಾಗಿ, ಆಂಡ್ರೆ ಡಿಲ್ಲಾರ್ಡ್ ಎಂಬ ಎಡ ಟ್ಯಾಕಲ್‌ನನ್ನು ತಂದಿತು. ಲೋಕರೂಢಿಯ ಲೆಕ್ಕದಲ್ಲಿ ಮೈಲಾಟಾ ಕಥೆ ಅಲ್ಲಿಗೆ ಮುಗಿಯಬೇಕಿತ್ತು. 2020ರ ಆಗಸ್ಟ್‌ನಲ್ಲಿ ಡಿಲ್ಲಾರ್ಡ್‌ನ ತೋಳಿನ ಸ್ನಾಯು ಹರಿಯಿತು. 38 ವರ್ಷದ ಜೇಸನ್ ಪೀಟರ್ಸ್ ಆ ಜಾಗಕ್ಕೆ ಬಂದರು, ಅವರಿಗೂ ಕಾಲ್ಬೆರಳಿನ ಗಾಯವಾಯಿತು. ಅಕ್ಟೋಬರ್ 4ರಂದು ಸ್ಯಾನ್ ಫ್ರಾನ್ಸಿಸ್ಕೋ ತಂಡದ ವಿರುದ್ಧ ಮೈಲಾಟಾ ಮೊದಲ ಬಾರಿಗೆ ಆರಂಭಿಕ ಎಡ ಟ್ಯಾಕಲ್ ಆಗಿ ನಿಂತ. ಈಗಲ್ಸ್ 25–20ರಿಂದ ಗೆದ್ದಿತು. ಮರುವರ್ಷದ ಶಿಬಿರದಲ್ಲಿ ಡಿಲ್ಲಾರ್ಡ್ ಜೊತೆಗಿನ ನೇರ ಸ್ಪರ್ಧೆಯಲ್ಲಿ ಜಾಗ ಗಟ್ಟಿ ಮಾಡಿಕೊಂಡ. 2021ರ ಸೆಪ್ಟೆಂಬರ್‌ನಲ್ಲಿ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ 6.6 ಕೋಟಿ. 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕಾನ್ಸಾಸ್ ಸಿಟಿಯನ್ನು 40–22ರಿಂದ ಸೋಲಿಸಿ ಸೂಪರ್ ಬೌಲ್ ಎತ್ತಿದ ತಂಡದ ಎಡ ಟ್ಯಾಕಲ್ ಆತನೇ.

ಟಿವಿಯಲ್ಲಿ ಪಂದ್ಯಕ್ಕೆ ಮುನ್ನ ಆಟಗಾರರು ತಮ್ಮ ಹೆಸರು, ಓದಿದ ಕಾಲೇಜಿನ ಹೆಸರು ಹೇಳುವ ಪದ್ಧತಿಯಿದೆ. ಅಮೆರಿಕದ ಯಾವ ಕಾಲೇಜಿಗೂ ಹೋಗದ ಮೈಲಾಟಾ ಹೇಳಿದ್ದು ‘ಜೆಫ್ ಸ್ಟೌಟ್‌ಲ್ಯಾಂಡ್ ವಿಶ್ವವಿದ್ಯಾಲಯ’ ಎಂದು. ಸ್ಟೌಟ್‌ಲ್ಯಾಂಡ್ ಎಂದರೆ 2013ರಲ್ಲಿ ಈಗಲ್ಸ್ ಸೇರಿದ ಲೈನ್ ಕೋಚ್. ತಮಾಷೆಯೇ ಇರಬಹುದು, ಆದರೆ ಅದರೊಳಗಿನ ಗುರುದಕ್ಷಿಣೆ ಕಾಣದಿರುವಷ್ಟು ಚಿಕ್ಕದಲ್ಲ.

ಮೈಲಾಟಾಗೆ ಜಾಗ ಬಿಟ್ಟುಕೊಟ್ಟ ಪೀಟರ್ಸ್ ಕೂಡ ತಡವಾಗಿ ಕಲಿತವರೇ. 2004ರಲ್ಲಿ ಯಾವ ತಂಡವೂ ಅವರನ್ನು ಡ್ರಾಫ್ಟ್ ಮಾಡಲಿಲ್ಲ. ಅರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಅವರು ಚೆಂಡು ಹಿಡಿಯುವ ಟೈಟ್ ಎಂಡ್ ಆಗಿದ್ದರು. ಬಫಲೋ ತಂಡದ ಪ್ರಾಕ್ಟೀಸ್ ಸ್ಕ್ವಾಡ್ ಸೇರಿ, ಟ್ಯಾಕಲ್ ಆಗಿ ಬದಲಾಗಿ, ಒಂಬತ್ತು ಬಾರಿ ವರ್ಷದ ಶ್ರೇಷ್ಠ ಆಟಗಾರರಿಗೆ ಸಲ್ಲುವ ಗೌರವವಾದ ಪ್ರೊ ಬೌಲ್‌ಗೆ ಆಯ್ಕೆಯಾಗಿ, 41ನೆಯ ವಯಸ್ಸಿನವರೆಗೂ ಆಡಿದರು. ಇದೇ ಫಿಲಡೆಲ್ಫಿಯಾದ ಬಾಗಿಲಿನಿಂದ ಹೊರಬಿದ್ದವನೊಬ್ಬನ ಕಥೆ ಇನ್ನೂ ಸ್ವಾರಸ್ಯವಾದದ್ದು. ಅಲೆಹಾಂದ್ರೊ ವಿಲ್ಲನುಯೆವಾ, ಆರು ಅಡಿ ಒಂಬತ್ತು ಅಂಗುಲದ ಸೇನಾಧಿಕಾರಿ. ಅಫ್ಘಾನಿಸ್ತಾನದಲ್ಲಿ ಮೂರು ಬಾರಿ ಸೇವೆ ಸಲ್ಲಿಸಿ, ಶೌರ್ಯಕ್ಕಾಗಿ ಬ್ರಾಂಜ್ ಸ್ಟಾರ್ ಪಡೆದು, 2014ರಲ್ಲಿ ಈಗಲ್ಸ್ ಶಿಬಿರಕ್ಕೆ ಬಂದರು. ಅಲ್ಲಿ ಅವರನ್ನು ಆಡಿಸಿದ್ದು ರಕ್ಷಣೆಯ ಸಾಲಿನಲ್ಲಿ. ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಪೂರ್ವಋತು ಪಂದ್ಯ ನಡೆಯಿತು. ಕೆಲವೇ ದಿನಗಳಲ್ಲಿ ಈಗಲ್ಸ್ ಅವರನ್ನು ಕೈಬಿಟ್ಟಿತು, ಪಿಟ್ಸ್‌ಬರ್ಗ್ ತನ್ನ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸೇರಿಸಿಕೊಂಡಿತು. ಅಲ್ಲಿನ ಲೈನ್ ಕೋಚ್ ಮೈಕ್ ಮುಂಚಾಕ್, ತಮ್ಮ ಕಾಲದಲ್ಲಿ ದೊಡ್ಡ ಗಾರ್ಡ್ ಎನಿಸಿದ್ದವರು. ಅವರ ಕೈಯಲ್ಲಿ ಒಂದು ವರ್ಷ ಪಳಗಿ, 2015ರಲ್ಲಿ ಕೆಲ್ವಿನ್ ಬೀಚಮ್ ಗಾಯಗೊಂಡಾಗ ಎಡ ಟ್ಯಾಕಲ್ ಆಗಿ ಇಳಿದ ವಿಲ್ಲನುಯೆವಾ, ಮುಂದೆ ಎರಡು ಸಲ ಪ್ರೊ ಬೌಲ್ ತಲುಪಿದರು.

ಇನ್ನೂ ಹಿಂದೆ ಹೋದರೆ ಜೆಫ್ ಸ್ಯಾಟರ್ಡೆ ಸಿಗುತ್ತಾರೆ. 1998ರಲ್ಲಿ ಬಾಲ್ಟಿಮೋರ್ ತಂಡ ಕೈಬಿಟ್ಟ ಮೇಲೆ ರಾಲೀ ನಗರದಲ್ಲಿ ವಿದ್ಯುತ್ ಸಾಮಗ್ರಿಗಳ ಅಂಗಡಿಯಲ್ಲಿ ಕೆಲಸಕ್ಕಿದ್ದರು. 1999ರಲ್ಲಿ ಇಂಡಿಯಾನಾಪೊಲಿಸ್ ಕರೆಯಿತು. ಮುಂದಿನ ಹತ್ತಕ್ಕೂ ಹೆಚ್ಚು ವರ್ಷ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಕೈಗೆ ಚೆಂಡು ಕೊಟ್ಟ ಸೆಂಟರ್ ಅವರೇ.

ಇಂಥ ಕಥೆಗಳನ್ನು ಲೀಗ್ ಬಹಳ ಇಷ್ಟಪಡುತ್ತದೆ, ಪ್ರತಿ ಆಗಸ್ಟ್‌ನಲ್ಲಿ ಮತ್ತೆ ಮತ್ತೆ ಹೇಳುತ್ತದೆ. ನನಗೆ ಅಲ್ಲೇ ಅನುಮಾನ. ಗೆದ್ದವರ ಕಥೆ ಮಾತ್ರ ನಮ್ಮ ಕಿವಿ ತಲುಪುತ್ತದೆ. ವಿದ್ಯುತ್ ಸಾಮಗ್ರಿಗಳ ಅಂಗಡಿಯಲ್ಲೇ ಉಳಿದವರ ಕಥೆಯನ್ನು ಯಾರೂ ಚಿತ್ರೀಕರಿಸುವುದಿಲ್ಲ. ಛಲ ಬಿಡದವನು ಗೆದ್ದ ಎಂದು ಓದಿಕೊಳ್ಳುವುದು ಸುಲಭ. ಆದರೆ ಈ ನಾಲ್ವರಿಗೂ ಸಿಕ್ಕಿ ಉಳಿದ ನೂರಾರು ಮಂದಿಗೆ ಸಿಗದಿದ್ದದ್ದು ಛಲವಲ್ಲ. ಫಲ ಕೊಡದ ವರ್ಷಗಳಲ್ಲೂ ಸಂಬಳ ಕೊಟ್ಟು ಕಾಯುವ ತಂಡ, ಕೈಹಿಡಿದು ತಿದ್ದುವ ಕೋಚ್, ಸರಿಯಾದ ಹೊತ್ತಿಗೆ ಎದುರು ಬಂದ ಮತ್ತೊಬ್ಬನ ಗಾಯ.

ಕಾಯುವ ವ್ಯವಧಾನ ಈಗ ಕಡಿಮೆಯಾಗುತ್ತಿರುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಕಾಲೇಜು ಫುಟ್‌ಬಾಲ್‌ನಲ್ಲಿ ಈಗ ಮೈದಾನವನ್ನು ಅಗಲಿಸಿ, ಚೆಂಡನ್ನು ಬೇಗ ಬೇಗ ಎಸೆಯುವ ಆಟವೇ ಹೆಚ್ಚು. ಅಲ್ಲಿನ ಲೈನ್‌ಮನ್ ನೆಟ್ಟಗೆ ನಿಂತೇ ಆಡುತ್ತಾನೆ, ಕೈಯನ್ನು ನೆಲಕ್ಕೂರಿ ಬಗ್ಗುವುದೇ ಅಪರೂಪ. ಹಾಗೆ ಬಂದ ಹುಡುಗನಿಗೆ ವೃತ್ತಿಪರ ಶಿಬಿರದಲ್ಲಿ ಕಾಲಿಡುವುದರಿಂದಲೇ ಪಾಠ ಶುರು. ಆ ಪಾಠಕ್ಕೆ ಮೊದಲು ಬೇಕಾದಷ್ಟು ಸಮಯವಿತ್ತು: ದಿನಕ್ಕೆರಡು ಬಾರಿ ಪೂರ್ಣ ರಕ್ಷಾಕವಚ ತೊಟ್ಟು ಬಡಿದಾಡುವ ಅಭ್ಯಾಸ. 2011ರ ಒಪ್ಪಂದ ಅದನ್ನು ನಿಲ್ಲಿಸಿತು. ಈಗ ಶಿಬಿರದಲ್ಲಿ ಕವಚ ತೊಟ್ಟ ಅಭ್ಯಾಸಕ್ಕೆ 16 ದಿನ, ಇಡೀ ಋತುವಿಗೆ 14 ದಿನವಷ್ಟೇ ಮಿತಿ. ಓಟಗಾರನಾಗಲಿ ಚೆಂಡು ಹಿಡಿಯುವವನಾಗಲಿ ಕವಚವಿಲ್ಲದೆಯೂ ತಮ್ಮ ಕಲೆ ತೋರಬಲ್ಲರು. ಲೈನ್‌ಮನ್‌ಗೆ ಡಿಕ್ಕಿಯೇ ಕಸುಬು, ಡಿಕ್ಕಿ ಇಲ್ಲದ ಅಭ್ಯಾಸ ಅವನಿಗೆ ನೀರಿಲ್ಲದ ಈಜು. 2021ರಲ್ಲಿ ಋತುವಿನ ಪಂದ್ಯಗಳು 16ರಿಂದ 17ಕ್ಕೆ ಏರಿದಾಗ ಪೂರ್ವಋತು ಪಂದ್ಯಗಳು ನಾಲ್ಕರಿಂದ ಮೂರಕ್ಕೆ ಇಳಿದವು. ತಾರೆಗಳು ಆ ಪಂದ್ಯಗಳಲ್ಲಿ ಆಡುವುದೇ ಕಡಿಮೆ, ಪ್ರೇಕ್ಷಕರಿಗೂ ಬೇಸರ. ಆದರೆ ಎಂಟನೆಯ ಕುರ್ಚಿಗೆ ಕಾದಿರುವವನಿಗೆ ಅದೇ ಸಂದರ್ಶನ.

ಈಗ 18 ಪಂದ್ಯಗಳ ಋತುವಿನ ಮಾತು ಕೇಳಿಬರುತ್ತಿದೆ. ಮಾಲೀಕರಿಗೆ ಅದು ಬೇಕು, ಏಕೆಂದರೆ ಟಿವಿ ಹಕ್ಕುಗಳ ಹಣ ಹೆಚ್ಚುತ್ತದೆ. ಒಂದು ಪೂರ್ವಋತು ಪಂದ್ಯ ತೆಗೆದು ಅಸಲಿ ಪಂದ್ಯ ಸೇರಿಸುವುದು ಒಳ್ಳೆಯ ವಿನಿಮಯ ಎಂಬರ್ಥದಲ್ಲಿ ಲೀಗಿನ ಕಮಿಷನರ್ ರೋಜರ್ ಗುಡೆಲ್ 2024ರಲ್ಲೇ ಬಹಿರಂಗವಾಗಿ ಮಾತಾಡಿದ್ದಾರೆ. ಈಗಿನ ಒಪ್ಪಂದ 2030ರ ಋತುವಿನವರೆಗೆ ಇದೆ, ಆಟಗಾರರ ಸಂಘ ಒಪ್ಪದೆ ಇದು ಆಗದು. ಚರ್ಚೆಯೆಲ್ಲ ಗಾಯಗಳ ಬಗ್ಗೆ, ಹಣ ಹಂಚಿಕೆಯ ಬಗ್ಗೆ ನಡೆಯುತ್ತಿದೆ. ಸಂದರ್ಶನಗಳು ಮೂರರಿಂದ ಎರಡಕ್ಕೆ ಇಳಿಯುವವನ ಪರವಾಗಿ ಆ ಮೇಜಿನಲ್ಲಿ ಯಾರು ಕೂರುತ್ತಾರೆ? ಸಂಘಕ್ಕೆ ಮತ ಹಾಕುವವರು ಇಂದಿನ ಸದಸ್ಯರು. ಶಿಬಿರದಿಂದ ಹೊರಬಿದ್ದವನು ನಾಳೆ ಸದಸ್ಯನೇ ಆಗಿರುವುದಿಲ್ಲ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು, ಬಡಿದಾಡುವ ಅಭ್ಯಾಸ ಮತ್ತೆ ಬರಲಿ ಎನ್ನಲು ನನ್ನಿಂದಾಗದು. ಪಿಟ್ಸ್‌ಬರ್ಗ್‌ನ ಸೆಂಟರ್ ಮೈಕ್ ವೆಬ್‌ಸ್ಟರ್ 17 ಋತು ಆಡಿದವರು, ನಾಲ್ಕು ಸೂಪರ್ ಬೌಲ್ ಗೆದ್ದವರು. ನಿವೃತ್ತಿಯ ನಂತರ ನೆನಪು ಕೈಕೊಟ್ಟು, ಎಷ್ಟೋ ರಾತ್ರಿಗಳನ್ನು ತಮ್ಮ ಪಿಕಪ್ ವಾಹನದಲ್ಲೇ ಕಳೆದು, 2002ರಲ್ಲಿ 50ನೆಯ ವಯಸ್ಸಿಗೆ ತೀರಿಕೊಂಡರು. ನೈಜೀರಿಯಾ ಮೂಲದ ರೋಗತಜ್ಞ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿ ಕಂಡುಕೊಂಡದ್ದು, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಬರುವ ಸಿಟಿಇ ಎಂಬ ಕ್ಷಯಕಾರಿ ಕಾಯಿಲೆಯನ್ನು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮಾಜಿ ಎನ್‌ಎಫ್‌ಎಲ್ ಆಟಗಾರರ 111 ಮೆದುಳುಗಳನ್ನು ನೋಡಿದಾಗ 110ರಲ್ಲಿ ಅದು ಕಂಡಿತು. ತೊಂದರೆಯ ಅನುಮಾನವಿದ್ದವರ ಕುಟುಂಬಗಳೇ ದಾನ ಕೊಟ್ಟ ಮೆದುಳುಗಳಾದ್ದರಿಂದ ಎಲ್ಲ ಆಟಗಾರರಿಗೂ ಅದೇ ಪ್ರಮಾಣ ಎನ್ನುವಂತಿಲ್ಲ. ಆದರೂ ಲೈನ್‌ಮನ್‌ನ ತಲೆಗೆ ಆಗುವುದು ಒಂದು ದೊಡ್ಡ ಪೆಟ್ಟಲ್ಲ, ಚೆಂಡು ಚಲಿಸಿದ ಪ್ರತಿ ಸಲವೂ ಒಂದು ಸಣ್ಣ ಪೆಟ್ಟು. ಅಭ್ಯಾಸದ ದಿನಗಳನ್ನು ಕಡಿತಗೊಳಿಸಿದ್ದು ಆ ತಲೆಗಳನ್ನು ಉಳಿಸಲೆಂದೇ. ತಲೆ ಉಳಿಸುವ ನಿಯಮವೇ ಕೆಳಸ್ತರದ ಹುಡುಗನ ಕಲಿಕೆಯನ್ನೂ ಕಿತ್ತುಕೊಂಡಿತು ಎಂಬುದು ನಿಜ. ಅದಕ್ಕೆ ಪರಿಹಾರ ತಲೆಯನ್ನು ಮತ್ತೆ ಒಡ್ಡುವುದಲ್ಲ, ಪಟ್ಟಿಯನ್ನು ಹಿಗ್ಗಿಸುವುದು.

ಅದು ಅಸಾಧ್ಯವೇನಲ್ಲ. ಪ್ರಾಕ್ಟೀಸ್ ಸ್ಕ್ವಾಡ್ 2014ರಲ್ಲಿ ಹತ್ತು ಮಂದಿಯದಾಗಿತ್ತು. 2020ರ ಕೋವಿಡ್ ಋತುವಿನಲ್ಲಿ, ಯಾರು ಯಾವಾಗ ಹಾಸಿಗೆ ಹಿಡಿಯುತ್ತಾರೋ ಎಂಬ ಭಯಕ್ಕೆ 16 ಆಯಿತು, ಹಾಗೆಯೇ ಉಳಿಯಿತು. ಭಯಕ್ಕೆ ಹಿಗ್ಗಿದ ಪಟ್ಟಿ ಕಲಿಕೆಗಾಗಿಯೂ ಹಿಗ್ಗಬಹುದು. 2025ರಲ್ಲಿ ಒಂದೊಂದು ತಂಡದ ವೇತನ ಮಿತಿ 27.92 ಕೋಟಿ ಡಾಲರ್. ಅದರ ಮುಂದೆ ವಾರಕ್ಕೆ 13,000 ಡಾಲರ್‌ನಂತೆ ಇನ್ನಿಬ್ಬರು ಲೈನ್‌ಮನ್‌ಗಳನ್ನು ಸಾಕುವ ಖರ್ಚು ಎಷ್ಟರದು! 18ನೆಯ ಪಂದ್ಯ ಬೇಕೆನ್ನುವವರಿಂದ ಆಟಗಾರರ ಸಂಘ ಕೇಳಿ ಪಡೆಯಬೇಕಾದವುಗಳಲ್ಲಿ ಇದೂ ಒಂದಾಗಬೇಕು ಎಂಬುದು ನನ್ನ ಅಭಿಪ್ರಾಯ.

ಡಿಲ್ಲಾರ್ಡ್ ಏನಾದರು ಎಂದು ಕೇಳುವವರು ಕಡಿಮೆ. 2023ರಲ್ಲಿ ಟೆನೆಸಿ ತಂಡ ಮೂರು ವರ್ಷಕ್ಕೆ 2.9 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಒಂದೇ ಋತುವಿನ ನಂತರ ಕೈಬಿಟ್ಟಿತು. ಮೊದಲ ಸುತ್ತಿನ ಆಯ್ಕೆ, ವರ್ಷಗಳ ಕಾಲೇಜು ತರಬೇತಿ ಎಲ್ಲ ಇದ್ದವನು, ರಗ್ಬಿ ಮೈದಾನದಿಂದ ಬಂದವನ ಎದುರು ಜಾಗ ಕಳೆದುಕೊಂಡದ್ದನ್ನು ಸೋಮಾರಿತನ ಎಂದು ಷರಾ ಬರೆಯುವುದು ತಪ್ಪು. ಈ ಕಸುಬಿನಲ್ಲಿ ಯಾರು ಯಾವಾಗ ಮಾಗುತ್ತಾರೆ ಎಂಬುದನ್ನು 22 ವರ್ಷದ ಹುಡುಗನನ್ನು ನೋಡಿ ಹೇಳಲು ಲೀಗಿನ ಪರಿಣತರಿಗೂ ಬರುವುದಿಲ್ಲ.

ಮುಂದಿನ ಭಾನುವಾರ ಪಂದ್ಯ ನೋಡುವ ಅವಕಾಶ ಸಿಕ್ಕರೆ, ತಂಡವೊಂದು ಅಂಕ ಗಳಿಸಿದ ಮೇಲೆ ಜಾಹೀರಾತಿಗೆ ಹೊರಳುವ ಮುಂಚಿನ ಆ ಚಿಕ್ಕ ಕಿಕ್ಕನ್ನು ಗಮನಿಸಿ. ಗೋಲ್‌ಕಂಬಗಳ ನಡುವೆ ಚೆಂಡು ಒದೆಯುವವನ ಮುಂದೆ ಹೆಗಲಿಗೆ ಹೆಗಲು ಹಚ್ಚಿ ಬಗ್ಗಿ ನಿಲ್ಲುವವರಲ್ಲಿ ಎಂಟನೆಯವನು ಇರುತ್ತಾನೆ. ಅಲ್ಲಿಯವರೆಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಕೋಚ್ ಪಕ್ಕದಲ್ಲೇ ನಿಂತಿದ್ದವನು. ಎದುರಿನವರು ಮೈಮೇಲೆ ಬೀಳುತ್ತಾರೆ, ಇವನು ಕದಲುವುದಿಲ್ಲ, ಚೆಂಡು ಕಂಬಗಳ ನಡುವೆ ಹಾಯುತ್ತದೆ. ಎದ್ದು, ಮೊಣಕೈಗೆ ಅಂಟಿದ ಹುಲ್ಲು ಒರೆಸಿಕೊಂಡು ಮತ್ತೆ ಅಂಚಿಗೆ ಓಡುತ್ತಾನೆ. ಒಂದು ಪಂದ್ಯದಲ್ಲಿ ಇಂಥ ಅವಕಾಶ ನಾಲ್ಕೋ ಐದೋ ಬಾರಿ. ಪಟ್ಟಿಯಲ್ಲಿ ಮೂರು ಪಂದ್ಯ ಉಳಿದರೆ ಪಿಂಚಣಿಯ ಲೆಕ್ಕಕ್ಕೆ ಒಂದು ಋತು. ಅಂಥ ಮೂರು ಋತುಗಳಾದರೆ ಪಿಂಚಣಿ. ಅವನು ಎಣಿಸುತ್ತಿರುತ್ತಾನೆ.